ನೆಲ ಅಗೆಯಲು ಮುಹೂರ್ತ

ಬಾಡಿಗೆದಾರನಾಗಿದ್ದಾಗ ಇರುವ ಬುದ್ಧಿ ಮಾಲೀಕನಾದ ಮೇಲೆ ಇರುವುದಿಲ್ಲ. ಇದು ನಾನು ಎಲ್ಲಿಯೋ ಓದಿ ತಿಳಿದದ್ದಲ್ಲ, ನನ್ನ ಮೇಲೆಯೇ ಪ್ರಯೋಗ ನಡೆದು ಗೊತ್ತಾದದ್ದು. ಹೊಸದಾಗಿ ಮಾಸ್ತರಿಕೆ ಸಿಕ್ಕಾಗ ಮುಧೋಳದಲ್ಲಿ ಒಂದು ಖೋಲಿ ಹಿಡಿದು ಸಂಸಾರ ಹೂಡಿದ್ದೆ. ಆ ಮನೆಯ ಮಾಲೀಕರಿಗೆ ಊಟಕ್ಕೆ ಮೊದಲು ಒಂದು ನಿದ್ದೆ, ಊಟವಾದ ಮೇಲೆ ಇನ್ನೊಂದು ನಿದ್ದೆ ಬೇಕು. ನನ್ನ ಹೆಂಡತಿ ಸುಶೀಲಾ ರೊಟ್ಟಿ ಬಡಿಯುವ ಸಪ್ಪಳಕ್ಕೆ ಅವರ ಮೊದಲಿನ ನಿದ್ದೆ ಹಾರಿಹೋಗುತ್ತಿತ್ತು. "ಮಾಸ್ತರ, ನಿಮ್ಮ ಮನಿಯವ್ರಿಗೆ ರೊಟ್ಟಿ ಬಡಿಯೂದು ಬಿಟ್ಟು ಚಪಾತಿ ಲಟ್ಟಸಾಕ ಹೇಳ್ರಿ" ಎಂದು ಅವರು ನಮ್ಮ ಬಾಗಿಲಲ್ಲಿ ನಿಂತು ಹೇಳಿದ ದಿನ, ಮನೆಮಾಲೀಕರೆಂಬವರು ಮನುಷ್ಯರೇ ಅಲ್ಲ ಎಂದು ನಾನು ತೀರ್ಮಾನಿಸಿದೆ. ಮುಂದೆ ಬನಹಟ್ಟಿಗೆ ವರ್ಗವಾಯಿತು. ಅಲ್ಲಿ ಅಗ್ಗಕ್ಕೆ ಸಿಕ್ಕ ಮಣ್ಣಿನ ಗೋಡೆಯ ಮನೆಯೊಂದನ್ನು ಕೊಂಡೆ. ಅದರ ಮಾಳಿಗೆ ಸೋರದಂತೆ ಮಾಡಿಸುವಷ್ಟರಲ್ಲಿ ಜಮಖಂಡಿಗೆ ವರ್ಗವಾಯಿತು. ಬನಹಟ್ಟಿಯ ಮನೆಯನ್ನು ಬಾಡಿಗೆಗೆ ಕೊಟ್ಟು ನಾನೂ ಮಾಲೀಕನಾದೆ. ಬಾಡಿಗೆದಾರರೆಂಬವರು ಮನುಷ್ಯರೇ ಅಲ್ಲ ಎಂಬ ಅನುಮಾನ ಆ ದಿನದಿಂದಲೇ ಶುರುವಾಯಿತು.

ಮನೆ ಹಿಡಿಯಲು ಬಂದವನು ಈರಪ್ಪ ಎಂಬ ನೇಕಾರ. ನನ್ನದೇ ವಯಸ್ಸು. ಬೆನ್ನ ಹಿಂದೆ ಅವನ ಹೆಂಡತಿ ಕಮಲವ್ವ ನಿಂತಿದ್ದಳು. ನಾನು ಮಾಲೀಕನ ಗತ್ತಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಕರಾರು ಹೇಳಿದೆ. ಗೋಡೆಗೆ ಮೊಳೆ ಹೊಡೆಯಬಾರದು, ಕಟ್ಟೆಯ ಮೇಲೆ ಖಾರ ಕುಟ್ಟಬಾರದು, ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ಓಡಾಡಬಾರದು. ಈರಪ್ಪ ಎಲ್ಲದಕ್ಕೂ ತಲೆಯಾಡಿಸಿ, "ಮೊಳಿ ಒಂದೂ ಹೊಡಿಯೂದಿಲ್ರಿ ಮಾಸ್ತರ. ಪಡಸಾಲ್ಯಾಗ ಒಂದು ಕುಣಿ ಅಷ್ಟ ಅಗೀತೇನ್ರಿ" ಎಂದ. ಅವನದು ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರ ಅಂಚಿಗೆ ಕುಳಿತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ. ಮೊಳೆ ಬೇಡ ಎಂದ ನಾನು ಗುಂಡಿಗೆ ಒಪ್ಪಿದೆ. "ಅಗಿಯಪಾ, ಮಣ್ಣಿನ ನೆಲ, ಹೋಗೂದೇನೈತಿ?" ಎಂದು ದೊಡ್ಡ ಮನಸ್ಸು ತೋರಿಸಿದೆ. ಅದನ್ನು ನೆನೆದು ಎಷ್ಟೋ ವರ್ಷ ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡದ್ದೂ ಉಂಟು. ನೆಲ ಮಣ್ಣಿನದಾಗಿದ್ದರೆ ಮನಸ್ಸು ದೊಡ್ಡದಾಗಿರುವುದು ಕಷ್ಟವಲ್ಲ ಎಂದು ಆಗ ಹೊಳೆದಿರಲಿಲ್ಲ.

ಈರಪ್ಪನಂಥ ಬಾಡಿಗೆದಾರ ಸಿಗಲು ಪುಣ್ಯ ಮಾಡಿರಬೇಕು. ತಿಂಗಳು ತಪ್ಪಿಸಿದವನಲ್ಲ, ಜಗಳ ಗೊತ್ತಿದ್ದವನಲ್ಲ. ನಾನು ಯಾವಾಗ ಹೋದರೂ ಓಣಿಯ ಮೂಲೆಯಲ್ಲೇ ಅವನ ಮಗ್ಗದ ಟಕ್ ಟಕ್ ಕೇಳುತ್ತಿತ್ತು. ಸುತ್ತ ಪವರ್‌ಲೂಮುಗಳ ಗದ್ದಲ ಎದ್ದು, ಒಂದೊಂದೇ ಕೈಮಗ್ಗ ಸುಮ್ಮನಾದರೂ ಅವನದು ನಿಲ್ಲಲಿಲ್ಲ. ಅವನಿಗೆ ನೂಲು ಕೊಟ್ಟು ಸೀರೆ ಕೊಳ್ಳುವ ವ್ಯಾಪಾರಿಯೊಬ್ಬರು ಇನ್ನೂ ಇದ್ದರು. ಪವರ್‌ಲೂಮಿನ ಸೀರೆ ಅವರಿಗೆ ಸೇರುತ್ತಿರಲಿಲ್ಲ. ಕಮಲವ್ವ ಗೋಡೆಗೆ ಒರಗಿ ಕುಳಿತು ನೂಲು ಸುತ್ತುವಳು, ಈರಪ್ಪ ಕುಣಿಯಲ್ಲಿ ಕುಳಿತು ಲಾಳಿ ಒಗೆಯುವನು. ನಾನು ಬಾಗಿಲಲ್ಲಿ ಕಂಡರೆ ಎದ್ದು ನಿಲ್ಲುವನು. ಅರ್ಧ ಮನುಷ್ಯ ನೆಲದೊಳಗಿರುವುದರಿಂದ, ಎದ್ದು ನಿಂತಾಗ ಅವನ ಎತ್ತರ ಕುಳಿತ ನನ್ನ ಎತ್ತರಕ್ಕೆ ಸರಿಯಾಗುತ್ತಿತ್ತು. ಹೀಗೆ ಮುಖಕ್ಕೆ ಮುಖ ಕೊಟ್ಟು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮಾತಾಡಿದ್ದೇವೆ.

ಇಂಥ ಮನೆಯನ್ನು ಯಾಕೆ ಮಾರಿದೆ ಎಂದು ನೀವು ಕೇಳಬಹುದು. ಸುಶೀಲಾ ಇವತ್ತಿಗೂ ಕೇಳುತ್ತಾಳೆ. ನನ್ನ ಜೊತೆಗೆ ನಿವೃತ್ತರಾದ ಗೆಳೆಯರೊಬ್ಬರು ಬೀಳಗಿಯಲ್ಲಿ ಮನೆ ಕಟ್ಟಿಸಿ ವಾಸ್ತುಶಾಂತಿಗೆ ಕರೆದಿದ್ದರು. ಅವರ ಪಡಸಾಲೆಯಲ್ಲಿ ಕಾಲಿಟ್ಟ ಕೂಡಲೇ ನಾನು ಜಾರಿ, ಪಾಯಸ ಬಡಿಸುತ್ತಿದ್ದವರ ಸೊಂಟ ಹಿಡಿದು ಉಳಿದುಕೊಂಡೆ. ಎಲ್ಲರೂ ಗಾಬರಿಯಾದರು. ನಾನು ಮಾತ್ರ ಬಗ್ಗಿ ಆ ನೆಲವನ್ನೇ ನೋಡುತ್ತಿದ್ದೆ. ಬಿಳಿಯ ಟೈಲ್ಸು, ನನ್ನ ಮುಖ ಅದರಲ್ಲಿ ಸ್ವಚ್ಛವಾಗಿ ಕಾಣುತ್ತಿತ್ತು. ಜಮಖಂಡಿಯ ನನ್ನ ಮನೆಯ ಹಳೆಯ ಫರ್ಸಿಕಲ್ಲಿನ ನೆಲದಲ್ಲಿ ಜೀವಮಾನವೆಲ್ಲ ನೋಡಿದರೂ ಮುಖ ಕಂಡಿರಲಿಲ್ಲ. ಮಾಸ್ತರಿಕೆಯಲ್ಲಿ ಮಕ್ಕಳ ಮುಖ ನೋಡಿದ್ದೇ ಆಯಿತು, ಇನ್ನಾದರೂ ನನ್ನ ಮುಖ ನೋಡಿಕೊಳ್ಳಬೇಕು ಅನಿಸಿತು. "ಜಾರಿ ಬಿದ್ದು ಟೊಂಕ ಮುರಕೊಂಡ್ರ ಮಾರಿ ನೋಡ್ಕೊಂಡ ಮಲಗ್ರಿ" ಎಂದಳು ಸುಶೀಲಾ. ನಾನು ಕೇಳಲಿಲ್ಲ. ಬನಹಟ್ಟಿಯ ಮನೆಯನ್ನು, ಖಾಲಿ ಮಾಡಿಸಿಕೊಡುವ ಮಾತಿನ ಮೇಲೆ, ಮಲ್ಲಪ್ಪ ಸಾವಕಾರರಿಗೆ ಮಾರಿ, ಜಮಖಂಡಿಯ ಮನೆಗೆ ಪಡಸಾಲೆಯಿಂದ ಹಿತ್ತಲ ಖೋಲಿಯವರೆಗೆ ಒಂದು ಗೇಣೂ ಬಿಡದೆ ಟೈಲ್ಸು ಹಾಕಿಸಿದೆ. ಆಮೇಲೆ ಬಂದವರೆಲ್ಲ ಗೇಟಿನಲ್ಲೇ ಚಪ್ಪಲಿ ಬಿಟ್ಟು, ಹೊಸ ಮದುವಣಗಿತ್ತಿಯಂತೆ ಹೆಜ್ಜೆ ಎಣಿಸುತ್ತ ಒಳಗೆ ಬರಬೇಕಾಯಿತು.

ಮನೆ ಮಾರಿದ ಸುದ್ದಿಯನ್ನು ಈರಪ್ಪನಿಗೆ ನಾನೇ ಹೋಗಿ ಹೇಳಿದೆ. ಅವನು ಲಾಳಿ ನಿಲ್ಲಿಸಿ, ಕುಣಿಯೊಳಗೆ ನೋಡುತ್ತ, "ನಿಮ್ಮ ಮನಿ, ನಿಮ್ಮ ಖುಷಿರಿ ಮಾಸ್ತರ. ಶಿವರಾತ್ರಿ ಒಂದ ಆಗ್ಲಿ, ಬಿಡ್ತೇನಿ" ಎಂದ. ಇಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಖುಷಿಯಾಗಿ, ನಾನು ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದು ಮನೆಗೆ ಬಂದೆ. ಶಿವರಾತ್ರಿ ಆಯಿತು. "ಹೋಳಿ ಹುಣ್ಣಿವಿ ಆಗ್ಲಿರಿ" ಎಂದ. ಹೋಳಿ ಆಯಿತು. "ಯುಗಾದಿ ಮುಂದ ಮನಿ ಬಿಟ್ರ ವರ್ಷೆಲ್ಲಾ ಅಡ್ಡಾಡೂದ ಆಕ್ಕೈತ್ರಿ" ಎಂದ. ಯುಗಾದಿ ಆಯಿತು, ಬಸವ ಜಯಂತಿ ಬಂತು. ಕ್ಯಾಲೆಂಡರಿನಲ್ಲಿ ಇಷ್ಟೊಂದು ಹಬ್ಬ ಮುದ್ರಿಸಿದವರ ಮೇಲೆಯೇ ನನಗೆ ಸಿಟ್ಟು ಬರತೊಡಗಿತು. ಹಬ್ಬದ ಹೆಸರು ಹೇಳುವಾಗ ಈರಪ್ಪ ನನ್ನ ಮುಖ ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಲಾಳಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಆಗ ನಾನು ಅದನ್ನು ಕಳ್ಳತನದ ಲಕ್ಷಣ ಎಂದುಕೊಂಡೆ.

ಇಂಥ ಹೊತ್ತಿನಲ್ಲಿ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಒಬ್ಬ ವಕೀಲರನ್ನು ಕೇಳಿದೆ. ಬಾಡಿಗೆದಾರನನ್ನು ಬಿಡಿಸುವುದು ಎಷ್ಟು ಕಷ್ಟ ಎಂದು ಅವರು ಒಂದು ತಾಸು ಬಹಳ ಉತ್ಸಾಹದಿಂದ ವಿವರಿಸಿದರು. ಅವರು ತಾವೇ ಕುಳಿತ ಆಫೀಸನ್ನು ಮಾಲೀಕನಿಗೆ ಬಿಟ್ಟುಕೊಡದೆ ಎಷ್ಟೋ ವರ್ಷವಾಯಿತೆಂದು ಹೊರಗೆ ಬಂದ ಮೇಲೆ ಗೊತ್ತಾಯಿತು. ಮುಧೋಳದ ಹಳೆಯ ಸ್ನೇಹಿತನೊಬ್ಬ, "ತಿಮ್ಮಾಪುರದ ಕಡೆಯಿಂದ ಒಂದು ಮುಧೋಳ ನಾಯಿ ತಂದು ಅಂಗಳದಾಗ ಕಟ್ಟು, ತಾನ ಬಿಡ್ತಾನ" ಎಂದ. ತಾನೂ ಒಮ್ಮೆ ಹಾಗೆ ಮಾಡಿದ್ದನಂತೆ. ಬಿಟ್ಟನೇನು ಎಂದು ಕೇಳಿದೆ. "ಬಿಟ್ಟ. ಹೋಗೂ ಮುಂದ ನಾಯೀನೂ ಅವನ ಹಿಂದ ಹೋತು. ದಿನಾ ರೊಟ್ಟಿ ಹಾಕಿದಾಂವ ಅಂವನ ಅಲ್ಲಾ" ಎಂದು ನಿಟ್ಟುಸಿರುಬಿಟ್ಟ. ನಾಯಿಯ ಯೋಚನೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಕೊನೆಗೆ ಮಲ್ಲಪ್ಪ ಸಾವಕಾರರೇ ಒಂದು ದಿನ ನನ್ನನ್ನೂ ಈರಪ್ಪನನ್ನೂ ಕೂಡಿಸಿದರು. ಅವರಿಗೆ ಆ ಜಾಗದಲ್ಲಿ ಪವರ್‌ಲೂಮ್ ಶೆಡ್ಡು ಹಾಕಬೇಕಿತ್ತು. ಈರಪ್ಪ, "ಮಗ್ಗದ ಮ್ಯಾಲ ಹಾಸು ಐತ್ರಿ ಸಾವಕಾರ್ರ. ಹಾಸು ಇಳದ ಮರುದಿನ ಬಿಡ್ತೇನಿ" ಎಂದ. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದ ಎಳೆದು ಕಟ್ಟಿದ ನೂಲು, ಅದನ್ನೆಲ್ಲ ನೇಯ್ದು ಮುಗಿಸಿದರೆ ಹಾಸು ಇಳಿಯಿತು ಎನ್ನುತ್ತಾರೆ. ಸಾವಕಾರರು ಈಗ ಕಾರಿನಲ್ಲಿ ಓಡಾಡಿದರೂ ಅವರ ಅಜ್ಜ ಕುಣಿಯಲ್ಲಿ ಕುಳಿತವರೇ. "ಹಾಸು ಇದ್ದ ಮಗ್ಗ ಕೀಳಸಿದ್ರ ನನ್ನ ಶೆಡ್ಡಿನ್ಯಾಗ ಒಂದು ಎಳೀನೂ ನಿಂದರೂದಿಲ್ರಿ ಮಾಸ್ತರ. ಇಳೀಲಿ, ಆಮ್ಯಾಲ ಬಿಡ್ಲಿ" ಎಂದು ಕೈಮುಗಿದರು. ನಾನು ರನ್ನ ಬೆಳಗಲಿಯ ಒಕ್ಕಲುತನದ ಮನೆಯವನು. ನಿಂತ ಬೆಳೆ ಕೊಯ್ಯುವವರೆಗೆ ಹೊಲ ಬಿಡಿಸಬಾರದು ಎಂಬುದು ನಮ್ಮಲ್ಲೂ ಇದೆ. ಇದೂ ಹಾಗೆಯೇ, ಕೊಯ್ಲಾದರೆ ಹೊಲ ಖಾಲಿ ಎಂದುಕೊಂಡು ನಾನೂ ಹೂಂ ಎಂದೆ. ಆಮೇಲೆ ವಾರಕ್ಕೊಮ್ಮೆ ಬಸ್ಸು ಹತ್ತಿ ಹೋಗಿ, ಹಾಸು ಎಷ್ಟು ಉಳಿದಿದೆ ಎಂದು ನೋಡಿಬರುವುದೇ ನಿವೃತ್ತಿಯ ನೌಕರಿಯಾಯಿತು. ಹೋದಾಗ ಈರಪ್ಪ, "ಬರ್ರಿ, ಅಳತಿ ತಗೊಳ್ರಿ" ಎಂದು ನಗುತ್ತಿದ್ದ. ಕಮಲವ್ವ ಚಹಾ ಕೊಡುತ್ತಿದ್ದಳು. ಬಿಡಿಸಲು ಹೋದ ಮನೆಯಲ್ಲಿ ಅಷ್ಟು ಚಹಾ ಕುಡಿದ ಮಾಲೀಕ ಈ ತಾಲ್ಲೂಕಿನಲ್ಲಿ ಬೇರೆ ಇರಲಾರ.

ಇನ್ನೇನು ಮುಗಿಯಿತು ಎಂದು ಖಾತ್ರಿಯಾದ ವಾರ ನಾನು ಸಾವಕಾರರಿಗೆ ಫೋನು ಮಾಡಿ, ಪೇಢೆ ಹಿಡಿದುಕೊಂಡು ಹೋದೆ. ಓಣಿಯ ಮೂಲೆಯಲ್ಲೇ ಟಕ್ ಟಕ್ ಕೇಳಿತು. ಒಳಗೆ ನೋಡಿದರೆ ಮಗ್ಗದ ಮೇಲೆ ಹೊಸ ಹಾಸು. ಹಳೆಯ ಹಾಸಿನ ತುದಿಯ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಹೊಸೆದು ಕೂಡಿಸಿದ್ದರು. ಅದಕ್ಕೆ ಅವರು ಕೆಚ್ಚುವುದು ಎನ್ನುತ್ತಾರೆ. ನೇಕಾರರ ಮನೆಯಲ್ಲಿ ಮಗ್ಗವನ್ನು ಬರಿದು ಬಿಡುವುದಿಲ್ಲ. ಹಳೆಯದು ಪೂರ್ತಿ ಇಳಿಯುವ ಮೊದಲೇ ಅದರ ಬಾಲಕ್ಕೆ ಹೊಸದನ್ನು ಕೆಚ್ಚುತ್ತಾರೆ. ಹಾಗೆ ನೋಡಿದರೆ ಈರಪ್ಪ ಮಗ್ಗ ಹೂಡಿದಂದಿನಿಂದ ಅದರ ಮೇಲಿದ್ದದ್ದು ಒಂದೇ ಹಾಸು. ಕಬ್ಬು ಕಡಿದ ಮೇಲೆ ಕುಳೆ ಚಿಗುರುವುದನ್ನು ಹುಟ್ಟಿದಾಗಿನಿಂದ ನೋಡಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ನನಗೆ ತಲೆ ಕೆಟ್ಟು, "ಏನ ಈರಪ್ಪ, ನನಗ ಮಣ್ಣ ಮುಕ್ಕಸ್ತೀ ಏನು? ಮಾತಿಗಿ ಕಿಮ್ಮತ್ತಿಲ್ಲೇನು?" ಎಂದು ಕೂಗಾಡಿದೆ. ಪೇಢೆಯ ಪೊಟ್ಟಣ ಕೈಯಲ್ಲಿದ್ದುದರಿಂದ ಸಿಟ್ಟು ಅಷ್ಟೊಂದು ಕಳೆಗಟ್ಟಲಿಲ್ಲ.

ಈರಪ್ಪ ಕುಣಿಯಿಂದ ಮೇಲೆ ಬಂದ. ಮನೆ ಮಾರಿದ ಸುದ್ದಿ ಹೇಳಿದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ. "ಮನಿ ಬಿಡೂದಕ್ಕ ತಕರಾರಿಲ್ರಿ ಮಾಸ್ತರ. ಎಲ್ಲಿ ಹೋಗಿ ಕೂಡ್ಲಿ ಹೇಳ್ರಿ. ರಬಕವಿ, ಬನಹಟ್ಟಿ ಎರಡೂ ತಿರಗೇನಿ. ಮನಿ ಬೇಕಾದಷ್ಟ ಅದಾವ. ಎಲ್ಲಾ ಕಡೆ ಟೈಲ್ಸ್ ಅದಾವು. ಕುಣಿ ಅಗೀತೇನಿ ಅಂದ್ರ ಬಾಗಲಾ ಹಾಕ್ಕೋತಾರ. ಕುಣಿ ಇಲ್ಲಂದ್ರ ನಾ ಏನ ನೇಯ್ಲಿ?" ಗೋಡೆಗೆ ಒರಗಿದ್ದ ಕಮಲವ್ವ ನೂಲು ಸುತ್ತುವುದನ್ನು ನಿಲ್ಲಿಸಿ, "ಇವ್ರಿಗೆ ಬ್ಯಾರೆ ಏನೂ ಬರೂದಿಲ್ರಿ ಸರ. ಹತ್ತು ವರ್ಷದಾಂವ ಇದ್ದಾಗ ಕುಣ್ಯಾಗ ಇಳದಾರ" ಎಂದಳು. ಶಿವರಾತ್ರಿ, ಹೋಳಿ, ಯುಗಾದಿಗಳೆಲ್ಲ ಏನಾಗಿದ್ದವು ಎಂದು ಆಗ ನನಗೆ ಅರ್ಥವಾಯಿತು. ಅವನು ದಿನ ದೂಡುತ್ತಿರಲಿಲ್ಲ, ನೆಲ ಹುಡುಕುತ್ತಿದ್ದ. ನನಗೆ ನಿಜವಾಗಿಯೂ ಕೆಡುಕೆನಿಸಿತು. ಪೇಢೆಯನ್ನು ಕಮಲವ್ವನ ಕೈಗೆ ಕೊಟ್ಟು, "ನಡಿ, ನಾನೂ ಬರ್ತೇನಿ. ನಿನಗ ಮನಿ ಕೊಡಸೂದು ನನ್ನ ಜವಾಬ್ದಾರಿ" ಎಂದೆ.

ಹೀಗೆ ಮನೆ ಬಿಡಿಸಬೇಕಾದ ನಾನು ಬಿಸಿಲಲ್ಲಿ ಬಾಡಿಗೆದಾರನ ಹಿಂದೆ ಮನೆ ಹುಡುಕುತ್ತ ಹೊರಟೆ. ಮೊದಲ ಮನೆಯ ಅಜ್ಜಿ, "ಕುಣಿ? ಯಾರನ್ನ ಹುಗಿಯಾವ್ರದೀರಿ?" ಎಂದು ದೇವರ ಹೆಸರು ಹೇಳುತ್ತ ಒಳಗೆ ಹೋದಳು. ಎರಡನೆಯವರು, "ಮೊಳಿ ಹೊಡ್ಯಾಕ ಬಿಡಾಂಗಿಲ್ಲ ನಾವು, ಕುಣಿ ಎಲ್ಲಿದ್ರಿ?" ಎಂದರು. ಆ ಮಾತು ನನಗೆ ಎಲ್ಲಿಯೋ ಕೇಳಿದಂತೆ ಅನಿಸಿತು. ರಬಕವಿಯ ಮನೆಯೊಂದರಲ್ಲಿ ಮಾತ್ರ ನಾನು ಹಟಕ್ಕೆ ಬಿದ್ದೆ. ನನ್ನೊಳಗಿನ ಮಾಸ್ತರ ಎದ್ದು ನಿಂತ. "ಯಜಮಾನ್ರ, ಕಲ್ಲು ದೊಡ್ಡದೋ ಮನುಷ್ಯಾ ದೊಡ್ಡಾಂವೋ? ನಾಳೆ ನೀವು ನಾವು ಹೋದ ಮ್ಯಾಲ ಈ ಟೈಲ್ಸ್ ಬೆನ್ನಿಗಿ ಬರ್ತಾವೇನು? ಒಬ್ಬನ ಕೈಯಾಗಿನ ವಿದ್ಯಾ ಉಳೀತೈತಿ ಅಂದ್ರ ಒಂದು ಹಾಸಗಲ್ಲು ಒಡಿಯೂದು ದೊಡ್ಡದೇನ್ರಿ?" ಎಂದು, ನಿವೃತ್ತಿಯ ದಿನದ ಭಾಷಣದಲ್ಲೂ ಬಾರದ ದನಿಯಲ್ಲಿ ಹೇಳಿದೆ. ಆ ಯಜಮಾನರ ಕಣ್ಣಂಚು ಒದ್ದೆಯಾಯಿತು. ಕಣ್ಣು ಒರೆಸಿಕೊಂಡು, "ಭಾಳ ಛಲೋ ಹೇಳಿದ್ರಿ. ಆದ್ರ ನಮ್ಮಲ್ಲಿ ಆಗೂದಿಲ್ರಿ" ಎಂದು ಬಾಗಿಲು ಮುಚ್ಚಿದರು. ಎಂಥ ಕಲ್ಲು ಮನಸ್ಸಿನ ಜನ ಎಂದು ನಾನು ದಾರಿಯುದ್ದಕ್ಕೂ ಬೈಯುತ್ತ ಬಂದೆ.

ಮರುವಾರ ಈರಪ್ಪ ಜಮಖಂಡಿಗೆ ಬಂದವನು ನಮ್ಮ ಮನೆಗೂ ಬಂದ. ಗೇಟಿನಲ್ಲಿ ಚಪ್ಪಲಿ ಬಿಟ್ಟು, ಪಡಸಾಲೆಯ ಅಂಚಿಗೆ ಕುಳಿತು, ಸುಶೀಲಾಳ ಮುಂದೆ ನನ್ನ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದ. "ಏನ ಮಾತಾಡಿದ್ರು ಅಂತೀರಿ ಅಕ್ಕಾರ! ಕಲ್ಲು ದೊಡ್ಡದೋ ಮನುಷ್ಯಾ ದೊಡ್ಡಾಂವೋ ಅಂದ್ರು. ನನಗ ಅಳುನ ಬಂತ್ರಿ." ಅವನು ಮೆಚ್ಚಿಕೊಂಡೇ ಹೇಳಿದ, ಅದರಲ್ಲಿ ಕೊಂಕು ಇರಲಿಲ್ಲ. ಸುಶೀಲಾ ನನ್ನ ಕಡೆ ನೋಡಿದಳು. ಆಮೇಲೆ ನೆಲದ ಕಡೆ ನೋಡಿದಳು. "ಹಂಗಾರ ಹುಡಕೂದ್ಯಾಕ್ರಿ?" ಎಂದಳು. "ನಮ್ಮ ಹಿತ್ತಲ ಖೋಲಿ ಖಾಲಿ ಬಿದ್ದೈತಿ. ಒಂದು ಮುರಕ ಮಂಚ, ಒಂದು ಕೆಟ್ಟ ಕೂಲರ್ ಬಿಟ್ರ ಏನೈತಿ ಅಲ್ಲಿ? ಎರಡು ಜೀವಕ್ಕ ಸಾಕು. ನಾಕು ಟೈಲ್ಸ್ ಎಬ್ಬಿಸಿದ್ರ ಆತು." ಈರಪ್ಪನ ಮುಖ ಅರಳಿತು. ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ. ನಾಲ್ಕು ಟೈಲ್ಸು! ಅವು ಹಾಕಿ ಇನ್ನೂ ವರ್ಷ ತುಂಬಿರಲಿಲ್ಲ. ಬೇಡ ಎನ್ನಲು ಬಾಯಿ ತೆರೆದೆ, ಆದರೆ ರಬಕವಿಯ ಭಾಷಣ ಅಡ್ಡ ಬಂತು. "ಆಗ್ಲಿ, ಅದಕ್ಕೇನು" ಎಂದೆ. ಅದೇ ಉಸಿರಿನಲ್ಲಿ, "ಅಮಾಸಿ ಒಂದ ಆಗ್ಲಿ" ಎಂದೂ ಸೇರಿಸಿದೆ.

ಮಣ್ಣೆತ್ತಿನ ಅಮಾವಾಸ್ಯೆ ಆಯಿತು. ಆಷಾಢ ಬಂತು. ಆಷಾಢದಲ್ಲಿ ನೆಲ ಅಗೆಯಬಾರದು ಎಂದು ಹಿರಿಯರು ಹೇಳುತ್ತಿದ್ದರು ಎಂದೆ. "ಯಾವ ಹಿರಿಯಾರು?" ಎಂದು ಸುಶೀಲಾ ಕೇಳಿದಳು. ತೀರಿಕೊಂಡ ನಮ್ಮ ದೊಡ್ಡಪ್ಪನ ಹೆಸರು ಹೇಳಿದೆ, ಅವರು ಸಾಕ್ಷಿಗೆ ಬರುವ ಭಯವಿರಲಿಲ್ಲ. ಆಷಾಢ ಮುಗಿಯಿತು. ಟೈಲ್ಸು ಎಬ್ಬಿಸುವ ಗೌಂಡಿ ಸಿಗುತ್ತಿಲ್ಲ ಎಂದೆ. ಗೌಂಡಿ ಸಿಕ್ಕ. ನಾಗರ ಪಂಚಮಿ ಹತ್ತಿರ ಬಂತು, ಪಂಚಮಿಯ ಹೊತ್ತಿಗೆ ನೆಲ ಅಗೆದರೆ ನಾಗಪ್ಪನಿಗೆ ಪೆಟ್ಟಾಗುತ್ತದೆ ಎಂಬುದಂತೂ ಊರಿಗೆಲ್ಲ ಗೊತ್ತಿದ್ದ ಮಾತು. ನನ್ನ ಹೊಸ ಟೈಲ್ಸಿನ ಕೆಳಗೆ ಯಾವ ನಾಗಪ್ಪನಿದ್ದನೋ ದೇವರೇ ಬಲ್ಲ. ಮಧ್ಯಾಹ್ನ ಸುಶೀಲಾ ಮಲಗಿದಾಗ ಒಬ್ಬನೇ ಹಿತ್ತಲ ಖೋಲಿಗೆ ಹೋಗಿ ನಿಲ್ಲುತ್ತಿದ್ದೆ. ಎಲ್ಲಿ ಅಗೆದರೆ ಕಡಿಮೆ ಟೈಲ್ಸು ಹೋಗುತ್ತವೆ ಎಂದು ನೋಡಲು ಹೋಗುತ್ತಿದ್ದವನು, ಒಂದು ಚಿಂದಿ ತೆಗೆದುಕೊಂಡು ಒರೆಸಿ ಬರುತ್ತಿದ್ದೆ. ಮುಖ ಚೆನ್ನಾಗಿಯೇ ಕಾಣುತ್ತಿತ್ತು. ಈರಪ್ಪ ಫೋನು ಮಾಡಿದಾಗಲೆಲ್ಲ, "ಆತು, ಇದೊಂದ ಹಬ್ಬ" ಎನ್ನುತ್ತಿದ್ದೆ. ಫೋನಿನಲ್ಲಿ ಮುಖ ಕಾಣುವುದಿಲ್ಲ, ಅದೊಂದು ಅನುಕೂಲ.

ಪಂಚಮಿ ಮುಗಿದ ಮೇಲೆ ಸುಶೀಲಾ ಡಬ್ಬಿಯಲ್ಲಿ ಉಂಡಿ ತುಂಬಿ, "ಈರಪ್ಪಣ್ಣಗ ಕೊಟ್ಟು, ಅಗಿಯೂ ದಿನ ಯಾವ್ದಂತ ಹೇಳೇ ಬರ್ರಿ" ಎಂದು ಕಳಿಸಿದಳು. ಬನಹಟ್ಟಿಯಲ್ಲಿ ಇಳಿದು ಓಣಿಯ ಮೂಲೆಗೆ ಬಂದೆ. ಮೂಲೆ ದಾಟಿ ಬಾಗಿಲಿಗೆ ಬಂದರೂ ಏನೋ ತಪ್ಪಿದಂತೆ ಅನಿಸಿತು. ಹೊಸ್ತಿಲಲ್ಲಿ ಕಾಲಿಟ್ಟ ಮೇಲೆ ಗೊತ್ತಾಯಿತು, ಟಕ್ ಟಕ್ ಇರಲಿಲ್ಲ. ಈರಪ್ಪ ಎಂದಿನಂತೆ ಕುಣಿಯ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದ. ಅವನ ಎದುರಿನ ಮಗ್ಗ ಬರಿದಾಗಿತ್ತು. ಹಾಸಿಲ್ಲದ ಮಗ್ಗವನ್ನು ಆ ಮನೆಯಲ್ಲಿ ನಾನು ನೋಡಿದ್ದು ಅದೇ ಮೊದಲು. "ಹಾಸು ಎಲ್ಲಿ ಈರಪ್ಪ?" ಎಂದೆ. "ಇಳದು ಭಾಳ ದಿನಾತ್ರಿ. ನೀವು ಖೋಲಿ ಕೊಡ್ತೇನಿ ಅಂದ್ರೆಲ್ಲ, ಹೊಸಾದು ಕೆಚ್ಚಲಿಲ್ಲ. ಬಿಚ್ಚಿಕೊಂಡು ಒಯ್ಯಾಕ ಹಗರ ಆಕ್ಕೈತಿ ಅಂತ ಹಂಗ ಕುಂತೇನಿ" ಎಂದ. ಇಪ್ಪತ್ತೈದು ವರ್ಷ ಬರಿದಾಗದ ಮಗ್ಗ ನನ್ನ ಮಾತು ನಂಬಿ ಬರಿದಾಗಿತ್ತು. ಈರಪ್ಪ ಕೆಚ್ಚದೆ ಬಿಟ್ಟ ಹಾಸಿನ ನೂಲನ್ನು ವ್ಯಾಪಾರಿ ಬೇರೆ ಊರಿನ ನೇಕಾರರಿಗೆ ಕೊಟ್ಟಿದ್ದರು. ಸಾವಕಾರರೂ ಇನ್ನು ಕಾಯಲಾರೆ ಎಂದಿದ್ದರು.

ನನಗೆ ಮೈಯೆಲ್ಲ ನಾಚಿಕೆಯಾಯಿತು. ನಾಚಿಕೆಯಾದಾಗ ಒಳ್ಳೆಯ ಮನುಷ್ಯ ನಿಜ ಹೇಳುತ್ತಾನೆ. ನಾನು ಉಂಡಿಯ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ, "ಈರಪ್ಪ, ಶ್ರಾವಣ ಒಂದ ಮುಗೀಲಿ..." ಎಂದು ಶುರುಮಾಡಿದೆ. ಅವನು ನಕ್ಕ. ಅದರಲ್ಲಿ ವಿಷವಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಇರ್ಲಿ ಬಿಡ್ರಿ ಮಾಸ್ತರ. ಶಿವರಾತ್ರಿ ಆಗ್ಲಿ, ಹೋಳಿ ಆಗ್ಲಿ ಅಂತ ನಾನೂ ಹೇಳಿದಾಂವನ ಅದೇನಿ. ಹಂಗ ಹೇಳೂ ಮುಂದ ಕೈ ಹೆಂಗ ಆಡ್ತಾವು ನನಗ ಗೊತ್ತೈತಿ" ಎಂದ. ನಾನು ಡಬ್ಬಿ ತಿರುಗಿಸುವುದನ್ನು ನಿಲ್ಲಿಸಿದೆ. ಕಮಲವ್ವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, "ಅಕ್ಕಾರು ಉಂಡಿ ಛಲೋ ಕಟ್ಯಾರ" ಎಂದು ಒಳಗೆ ಹೋದಳು.

ಆ ವಾರವೇ ಈರಪ್ಪ ಮನೆ ಬಿಟ್ಟ. ಕೀಲಿ ಕೊಡುವ ಮೊದಲು ಕುಣಿಯನ್ನು ಮುಚ್ಚಿ, ಮಣ್ಣು ಬಡಿದು ಗಟ್ಟಿ ಮಾಡಿ, ಕಮಲವ್ವ ಅದರ ಮೇಲೆ ಸೆಗಣಿ ಸಾರಿಸಿದ್ದಳು. ಒಂದೆರಡು ದಿನದಲ್ಲಿ ಕೆಡವುವ ಮನೆ ಅದು. ಯಾಕೆ ಇಷ್ಟು ಕಷ್ಟಪಟ್ಟಿರಿ ಎಂದರೆ, "ತಗೊಳ್ಳೂ ಮುಂದ ಹೆಂಗಿತ್ತೋ ಹಂಗ ಕೊಡಬೇಕಲ್ರಿ" ಎಂದ. ಕುಣಿ ಎಲ್ಲಿತ್ತು ಎಂದು ನಾನು ಹುಡುಕಿದೆ, ಗುರುತು ಸಿಗಲಿಲ್ಲ. ಈಗ ಅವನು ಅದೇ ಜಾಗದಲ್ಲಿ ಎದ್ದಿರುವ ಸಾವಕಾರರ ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಾನೆ. ಇರಲು ಹಿಂದಿನ ಓಣಿಯಲ್ಲಿ ಟೈಲ್ಸು ಹಾಕಿದ ಖೋಲಿಯೊಂದು ಸಿಕ್ಕಿದೆ. "ದಿನಾಪೂರ್ತಿ ನಿಂದರೂದು ಕಾಲಿಗಿ ಹೊಸಾದ್ರಿ, ರೂಢಿ ಆಕ್ಕೈತಿ" ಎನ್ನುತ್ತಾನೆ. ಮನೆಯನ್ನು ಜಗಳವಿಲ್ಲದೆ ಬಿಡಿಸಿದ ಮಾಲೀಕನೆಂದು ನನಗೆ ಊರಲ್ಲಿ ಒಳ್ಳೆಯ ಹೆಸರು ಬಂದಿದೆ. ಇಬ್ಬರು ನನ್ನಲ್ಲಿಗೆ ಉಪಾಯ ಕೇಳಲೂ ಬಂದಿದ್ದರು.

ಆದರೆ ಬಿಡದೆ ಕುಳಿತ ಒಬ್ಬ ಬಾಡಿಗೆದಾರ ನನಗೆ ಇನ್ನೂ ಇದ್ದಾನೆ. ಬಿಚ್ಚಿದ ಮಗ್ಗವನ್ನು ಇಡಲು ಈರಪ್ಪನ ಹೊಸ ಖೋಲಿಯಲ್ಲಿ ಜಾಗವಿರಲಿಲ್ಲ. ಸುಶೀಲಾ ನನ್ನನ್ನು ಒಂದು ಮಾತೂ ಕೇಳದೆ ಟಂಟಂ ಗಾಡಿ ಮಾಡಿಸಿ ಅದನ್ನು ನಮ್ಮ ಹಿತ್ತಲ ಖೋಲಿಗೆ ತರಿಸಿದಳು. ಮಗ್ಗದ ಕಟ್ಟಿಗೆಗಳು ಗೋಡೆಗೆ ಒರಗಿವೆ. ಹಾಸಿನ ಎಳೆಗಳು ಹಾಯುವ, ಬಾಚಣಿಗೆಯಂಥ ಹಣಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿಟ್ಟಿದ್ದಾರೆ. ಅದರಲ್ಲಿ ಹಳೆಯ ಹಾಸಿನ ತುದಿ ಹಾಗೆಯೇ ಉಳಿದಿದೆ. ಮುಂದೆ ಎಲ್ಲಿಯಾದರೂ ಹೊಸದನ್ನು ಕೆಚ್ಚಬೇಕಾದರೆ ಇರಲಿ ಎಂದು ಬಿಟ್ಟದ್ದಂತೆ. ಅದರ ಪಕ್ಕದಲ್ಲಿ ಸುಶೀಲಾ ಒಂದು ಹಾರೆಯನ್ನೂ ತಂದು ನಿಲ್ಲಿಸಿದ್ದಾಳೆ, ಅದರ ಬಗ್ಗೆ ಅವಳು ಈವರೆಗೆ ಏನೂ ಹೇಳಿಲ್ಲ. ಶೆಡ್ಡಿಗೆ ರಜೆ ಇದ್ದ ದಿನ ಈರಪ್ಪ ಬರುತ್ತಾನೆ, ಹಣಿಗೆಯ ಧೂಳು ಒರೆಸುತ್ತಾನೆ, ಚಹಾ ಕುಡಿದು ಹೋಗುತ್ತಾನೆ. ಮೊನ್ನೆಯೂ ಬಂದಿದ್ದ. ಹೊರಡುವಾಗ ಅವನು ಒಮ್ಮೆ ಹಾರೆಯನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ನಾನು ಏನೋ ಹೇಳಬೇಕೆಂದು ಬಾಯಿ ತೆರೆದೆ. ಕೈಯಲ್ಲಿ ತಿರುಗಿಸಲು ಚಹಾದ ಬಸಿಯೂ ಸಿಕ್ಕಿತ್ತು. ಅಷ್ಟರಲ್ಲಿ ಅವನೇ, "ದೀಪಾವಳಿ ಆಗ್ಲಿ ಬಿಡ್ರಿ ಮಾಸ್ತರ" ಎಂದು, ನನ್ನ ಟೈಲ್ಸಿನ ಮೇಲೆ ಜಾರದಂತೆ ಹುಷಾರಾಗಿ ಹೆಜ್ಜೆ ಇಡುತ್ತ ಹೊರಟುಹೋದ. ನಾನು ಆಗಲಿ ಎಂದೆ.